ಜಾಣ ಗಡಿಯಾರ ಎಡವಿದ್ದೆಲ್ಲಿ?

ರಾಯಬಾಗ, ಚಿಕ್ಕೋಡಿ, ಅಥಣಿ ಕಡೆಯ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಹಳೆಯ ಮದುವೆಯ ಫೋಟೊಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಮದುಮಗ ಎಡಗೈಯನ್ನು ತೊಡೆಯ ಮೇಲೆ ಎದ್ದು ಕಾಣುವಂತೆ ಇಟ್ಟುಕೊಂಡು ಕುಳಿತಿರುತ್ತಾನೆ. ಅಂಗಿಯ ತೋಳು ಎರಡು ಬೆರಳಿನಷ್ಟು ಮೇಲೆ ಸರಿದಿರುತ್ತದೆ. ಬೀಗರ ಮನೆಯಿಂದ ಬಂದ ಕೈಗಡಿಯಾರ ಫೋಟೊದಲ್ಲಿ ಬೀಳಲೇಬೇಕು ಎಂಬುದು ಅದರ ಒಳಗುಟ್ಟು.

ನಿಜ ಹೇಳಬೇಕೆಂದರೆ, ಕಬ್ಬಿನ ಗದ್ದೆಯಲ್ಲಿ ದುಡಿಯುವವನಿಗೆ ಹೊತ್ತು ತಿಳಿಯಲು ಗಡಿಯಾರವೇ ಬೇಕೆಂದಿರಲಿಲ್ಲ. ಸ್ಟೇಷನ್ನಿನಲ್ಲಿ ರೈಲು ಕೂಗಿದರೆ, ಸಕ್ಕರೆ ಕಾರ್ಖಾನೆಯ ಭೋಂಗಾ ಆದರೆ ಗಂಟೆ ಎಷ್ಟೆಂದು ಊರಿಗೇ ತಿಳಿಯುತ್ತಿತ್ತು. ಆದರೂ ಗಡಿಯಾರ ಬೇಕಿತ್ತು. ಬಳಕೆ ಮತ್ತು ಬಡಿವಾರ ಎರಡೂ ಒಂದೇ ಪಟ್ಟಿಯಲ್ಲಿ ಕೂಡಿ ಮಣಿಕಟ್ಟಿಗೆ ಬರುತ್ತಿದ್ದವು.

ಇಂದು ಅದೇ ಮಣಿಕಟ್ಟಿನ ಮೇಲೆ ‘ಸ್ಮಾರ್ಟ್‌ವಾಚ್’ ಕುಳಿತಿದೆ. ಹೆಜ್ಜೆ ಎಣಿಸುತ್ತದೆ, ಎದೆಬಡಿತ ಅಳೆಯುತ್ತದೆ, ಫೋನ್ ಬಂದರೆ ಅದುರಿ ಎಚ್ಚರಿಸುತ್ತದೆ. ಆದರೆ ಇದು ನಿನ್ನೆ ಮೊನ್ನೆಯ ವಸ್ತುವಲ್ಲ. ಗಡಿಯಾರಕ್ಕೆ ಜಾಣತನ ಕಲಿಸುವ ಪ್ರಯತ್ನ 1970ರ ದಶಕದಿಂದಲೇ ನಡೆದಿದೆ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಸುಮಾರು 40 ವರ್ಷ ಇದಕ್ಕೆ ಕೈಹಾಕಿ ಮತ್ತೆ ಮತ್ತೆ ಕೈಸುಟ್ಟುಕೊಂಡವು. ಜನ ಆಸೆಪಟ್ಟು ಕೊಂಡ ಜಾಣ ಗಡಿಯಾರಗಳು ಕೆಲವೇ ದಿನಗಳಲ್ಲಿ ಮೇಜಿನ ಖಾನೆ ಸೇರಿದ್ದೇಕೆ? ಇದಕ್ಕೆ ಉತ್ತರ ಹುಡುಕುವ ಮುನ್ನ ನಮ್ಮ ರಾಜ್ಯದ್ದೇ ಆದ ಗಡಿಯಾರವೊಂದನ್ನು ನೋಡಿ ಬರುವುದು ಒಳ್ಳೆಯದು.

ಜಾಲಹಳ್ಳಿಯ ಟಿಕ್ ಟಿಕ್

ಬೆಂಗಳೂರಿನ ಜಾಲಹಳ್ಳಿಯಲ್ಲಿ ಯಂತ್ರೋಪಕರಣ ತಯಾರಿಸಲೆಂದು 1953ರಲ್ಲಿ ಆರಂಭವಾದ ಹಿಂದೂಸ್ತಾನ್ ಮಷಿನ್ ಟೂಲ್ಸ್ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ತಯಾರಿಕೆಗೆ ಇಳಿಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ವಿದೇಶಿ ಗಡಿಯಾರ ಕಟ್ಟುವುದು ಉಳ್ಳವರ ಭಾಗ್ಯವಾಗಿದ್ದ ದಿನಗಳಲ್ಲಿ ‘ಜನತಾ’ ಎಂಬ ಹೆಸರಿನ ಗಡಿಯಾರ ಶಾಲೆಯ ಮೇಷ್ಟರ, ತಲಾಠಿಯ, ರೈಲ್ವೆ ನೌಕರನ ಕೈಗೂ ಬಂತು. ಬೇಡಿಕೆ ಹೆಚ್ಚಿದಂತೆ 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. ಕಣ್ಣು ಕಾಣದವರು ಮುಚ್ಚಳ ತೆಗೆದು ಮುಳ್ಳನ್ನು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯಬಹುದಾದ ಬ್ರೈಲ್ ಗಡಿಯಾರವನ್ನೂ ಎಚ್‌ಎಂಟಿ ತಯಾರಿಸಿತು.

ಈ ಗಡಿಯಾರದ ಕೆಲಸದ ಕ್ರಮ ಸರಳ. ಬೆಳಿಗ್ಗೆ ಎದ್ದು ಕೀಲಿ ಕೊಟ್ಟರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಅದು ನಿಧಾನವಾಗಿ ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ತೂಗುಚಕ್ರವೊಂದು ಅತ್ತಿತ್ತ ಓಲಾಡಿ ಆ ಓಟಕ್ಕೆ ಲಗಾಮು ಹಾಕುತ್ತದೆ. ಜನತಾ ಗಡಿಯಾರದಲ್ಲಿ ಈ ಬಡಿತ ಸೆಕೆಂಡಿಗೆ 5, ಗಂಟೆಗೆ 18,000. ಸವೆತ ತಡೆಯಲು 17 ಪುಟ್ಟ ಕೆಂಪು ಹರಳುಗಳು. ಇದಕ್ಕೆ ಬೇಕಾದ ಶಕ್ತಿಯೆಲ್ಲ ಬರುವುದು ಎರಡು ಬೆರಳುಗಳಿಂದ. ಕೆಟ್ಟರೆ ಪೇಟೆಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತ ರಿಪೇರಿಯವನಿದ್ದ. ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಮತ್ತೆ ಜೋಡಿಸಿ ಕೊಡುತ್ತಿದ್ದ. ಗಡಿಯಾರದ ಶಕ್ತಿ ಒಡೆಯನ ಕೈಯಲ್ಲಿ, ರಿಪೇರಿ ಊರಿನ ಪೇಟೆಯಲ್ಲಿ. ಈ ಎರಡು ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಹರಳು ತಂದ ಬದಲಾವಣೆ

1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಕಂಪನಿ ‘ಆಸ್ಟ್ರಾನ್’ ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಕ್ವಾರ್ಟ್ಜ್ ಎಂದರೆ ಬೆಣಚುಕಲ್ಲಿನ ಹರಳು. ಅದಕ್ಕೆ ವಿದ್ಯುತ್ ಹಾಯಿಸಿದರೆ ತಪ್ಪದ ಲಯದಲ್ಲಿ ಕಂಪಿಸುತ್ತದೆ. ಇಂದು ಬಳಕೆಯಲ್ಲಿರುವ ಗಡಿಯಾರದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವಂತೆ ಕೊಯ್ದಿರುತ್ತಾರೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ಐದು ಬಡಿತದ ತೂಗುಚಕ್ರ ಇದರ ನಿಖರತೆಗೆ ಸಾಟಿಯಾಗಲಿಲ್ಲ.

ನಮ್ಮಲ್ಲಿ ಈ ಬದಲಾವಣೆಯ ಲಾಭ ಪಡೆದದ್ದು ಟೈಟನ್. ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮಗಳು ಕೂಡಿ 1984ರಲ್ಲಿ ಕಟ್ಟಿದ ಈ ಕಂಪನಿ, ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ತೆರೆದು 1987ರಿಂದ ಕ್ವಾರ್ಟ್ಜ್ ಗಡಿಯಾರಗಳನ್ನೇ ನೆಚ್ಚಿ ಮಾರಾಟಕ್ಕೆ ನಿಂತಿತು. ಎಚ್‌ಎಂಟಿಯೂ ಕ್ವಾರ್ಟ್ಜ್ ತಯಾರಿಸಿತು. ಆದರೆ ಕೀಲಿಯ ಗಡಿಯಾರದ ಮೇಲಿನ ಭಾರವನ್ನು ಬೇಗ ಇಳಿಸಲಿಲ್ಲ. ಹೊಸ ಪೀಳಿಗೆಯ ಮದುಮಗ ಟೈಟನ್ ಕೇಳತೊಡಗಿದ. ಆದರೆ ಹರಳಿನೊಂದಿಗೆ ಗಡಿಯಾರದೊಳಗೆ ಬ್ಯಾಟರಿಯೂ ಬಂತು. ನಮ್ಮ ಕಡೆ ಅದನ್ನು ‘ಸೆಲ್ಲು’ ಎಂದೇ ಕರೆಯುತ್ತಾರೆ. ಅಲ್ಲಿಗೆ ಗಡಿಯಾರದ ಶಕ್ತಿ ಒಡೆಯನ ಬೆರಳಿನಿಂದ ಅಂಗಡಿಗೆ ಹೋಯಿತು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬದಲಿಸುವ ಸೆಲ್ಲಾದ್ದರಿಂದ ಯಾರಿಗೂ ಅದು ತೊಂದರೆ ಎನಿಸಲಿಲ್ಲ. ತೊಂದರೆ ಆರಂಭವಾದದ್ದು ಗಡಿಯಾರಕ್ಕೆ ಸಮಯ ತೋರಿಸುವುದಕ್ಕಿಂತ ಹೆಚ್ಚಿನ ಕೆಲಸ ಹೊರಿಸಿದಾಗ.

ಮಣಿಕಟ್ಟಿನ ಮೇಲೆ ಗಣಕ

ಕನಸು ಮೊದಲು ಮೂಡಿದ್ದು ಚಿತ್ರಕಥೆಯಲ್ಲಿ. ಅಮೆರಿಕದ ಪತ್ರಿಕೆಗಳಲ್ಲಿ ಬರುತ್ತಿದ್ದ ಪತ್ತೇದಾರ ಡಿಕ್ ಟ್ರೇಸಿಗೆ 1946ರಲ್ಲಿ ಚಿತ್ರಕಾರ ಕೈಗೆ ಕಟ್ಟುವ ರೇಡಿಯೊ ಒಂದನ್ನು ಕೊಟ್ಟ. ಅದರಲ್ಲಿ ಮಾತಾಡಲೂ ಬರುತ್ತಿತ್ತು, ಕೇಳಲೂ ಬರುತ್ತಿತ್ತು. ಅದನ್ನು ಓದಿ ಬೆಳೆದ ಮಕ್ಕಳೇ ಮುಂದೆ ಎಂಜಿನಿಯರುಗಳಾದರು.

1972ರಲ್ಲಿ ಹ್ಯಾಮಿಲ್ಟನ್ ಕಂಪನಿಯ ‘ಪಲ್ಸರ್’ ಬಂತು. ಮುಳ್ಳಿಲ್ಲ, ಕೆಂಪು ಅಂಕಿಗಳು ಮಾತ್ರ. ಚಿನ್ನದ ಕವಚದ ಅದರ ಬೆಲೆ 2,100 ಡಾಲರ್. ಆದರೆ ಸಮಯ ನೋಡಬೇಕೆಂದರೆ ಇನ್ನೊಂದು ಕೈಯಿಂದ ಗುಂಡಿ ಒತ್ತಬೇಕಿತ್ತು. ಬೆಳಗುವ ಎಲ್‌ಇಡಿ ಅಂಕಿಗಳು ಬ್ಯಾಟರಿಯನ್ನು ಬೇಗನೆ ಕುಡಿದುಬಿಡುತ್ತಿದ್ದುದರಿಂದ ಅವನ್ನು ಸದಾ ಉರಿಸುವಂತಿರಲಿಲ್ಲ. ಒಂದು ಕೈಯಲ್ಲಿ ಚೀಲ ಹಿಡಿದವನಿಗೆ ಅತಿ ದುಬಾರಿ ಗಡಿಯಾರವೂ ಹೊತ್ತು ತಿಳಿಸಲಿಲ್ಲ. ಮುಂದೆ ತಾನೇ ಬೆಳಗದೆ ಹೊರಗಿನ ಬೆಳಕನ್ನೇ ಬಳಸಿಕೊಳ್ಳುವ ಎಲ್‌ಸಿಡಿ ಪರದೆ ಬಂದ ಮೇಲೆ ಈ ಕೆಂಪು ಅಂಕಿಗಳು ಮೂಲೆಗುಂಪಾದವು.

1977ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ‘ಎಚ್‌ಪಿ-01’ ಎಂಬ ಲೆಕ್ಕ ಮಾಡುವ ಗಡಿಯಾರ ತಂದಿತು. ಅದರ ಮೇಲೆ 28 ಗುಂಡಿಗಳು. ಮನುಷ್ಯನ ಬೆರಳಿಗೆ ಅವುಗಳಲ್ಲಿ ಹೆಚ್ಚಿನವು ಸಿಗುತ್ತಲೇ ಇರಲಿಲ್ಲ. ಒತ್ತಲು ಪಟ್ಟಿಯಲ್ಲಿ ಸಿಕ್ಕಿಸಿದ ಒಂದು ಕಡ್ಡಿಯನ್ನೇ ಕೊಟ್ಟಿದ್ದರು. 1980ರ ದಶಕದಲ್ಲಿ ಕ್ಯಾಸಿಯೊ ಕಂಪನಿಯ ಕ್ಯಾಲ್ಕ್ಯುಲೇಟರ್ ಗಡಿಯಾರ, ಫೋನ್ ನಂಬರು ಬರೆದಿಡುವ ‘ಡೇಟಾ ಬ್ಯಾಂಕ್’ ಗಡಿಯಾರಗಳು ಅಗ್ಗವಾಗಿ ಜಗತ್ತಿಗೆಲ್ಲ ಹರಡಿದವು. 1983ರ ಸೀಕೊ ‘ಡೇಟಾ 2000’ ಹೆಸರಿಗೆ ತಕ್ಕಂತೆ 2,000 ಅಕ್ಷರ ನೆನಪಿಡುತ್ತಿತ್ತು. ಆದರೆ ಅಕ್ಷರ ತುಂಬಲು ಬೇರೆಯದೇ ಕೀಲಿಮಣೆ ಬೇಕಿತ್ತು.

1994ರಲ್ಲಿ ಟೈಮೆಕ್ಸ್ ಮತ್ತು ಮೈಕ್ರೋಸಾಫ್ಟ್ ಕೂಡಿ ತಂದ ‘ಡೇಟಾಲಿಂಕ್’ ಗಡಿಯಾರದ್ದು ಇನ್ನೂ ಸೋಜಿಗದ ಕಥೆ. ಅದನ್ನು ಕಂಪ್ಯೂಟರಿನ ಎದುರು ಹಿಡಿದರೆ ಪರದೆಯ ಮೇಲೆ ಪಟ್ಟೆಪಟ್ಟೆಯಾಗಿ ಬೆಳಕು ಮಿನುಗುತ್ತಿತ್ತು. ಗಡಿಯಾರದ ಕಣ್ಣು ಆ ಮಿನುಗನ್ನು ಓದಿ ವಿಳಾಸ, ದಿನಚರಿಗಳನ್ನು ತುಂಬಿಕೊಳ್ಳುತ್ತಿತ್ತು. ತಂತಿಯೇ ಬೇಡ! ಆದರೆ ಈ ಉಪಾಯ ನಡೆಯುತ್ತಿದ್ದುದು ಡಬ್ಬಿಯಂಥ ಹಳೆಯ ಮಾನಿಟರಿನ ಎದುರು ಮಾತ್ರ. ತೆಳು ಪರದೆಯ ಕಂಪ್ಯೂಟರುಗಳು ಬಂದೊಡನೆ ಆ ವಿದ್ಯೆ ವ್ಯರ್ಥವಾಯಿತು. ಗಡಿಯಾರ ಕೆಟ್ಟಿರಲಿಲ್ಲ; ಅದು ನೆಚ್ಚಿಕೊಂಡಿದ್ದ ಇನ್ನೊಂದು ಯಂತ್ರ ಬದಲಾಗಿತ್ತು.

2001ರಲ್ಲಿ ಐಬಿಎಂ ಕಂಪನಿ ಲಿನಕ್ಸ್ ತಂತ್ರಾಂಶ ನಡೆಸುವ ‘ವಾಚ್‌ಪ್ಯಾಡ್’ ಅನ್ನು ಸಂಶೋಧನೆಗೆಂದು ತೋರಿಸಿತು. ಅದರಲ್ಲಿ ಜೊತೆಗೂಡಿದ್ದು ನಾಲ್ಕು ದಶಕದ ಹಿಂದೆ ಜಾಲಹಳ್ಳಿಗೆ ಗಡಿಯಾರ ಕಲಿಸಿದ ಅದೇ ಸಿಟಿಜನ್. ಅದರ ಬ್ಯಾಟರಿ ಬರುತ್ತಿದ್ದುದು ಕೆಲವೇ ಗಂಟೆ. 2004ರಲ್ಲಿ ಮೈಕ್ರೋಸಾಫ್ಟ್ ‘ಸ್ಪಾಟ್’ ಎಂಬ ಗಡಿಯಾರಗಳನ್ನು ತಂದಿತು. ಹವಾಮಾನ, ಸುದ್ದಿ, ಷೇರು ಪೇಟೆಯ ದರಗಳು ಎಫ್‌ಎಂ ರೇಡಿಯೊ ಅಲೆಗಳ ಮೇಲೆ ಮಣಿಕಟ್ಟಿಗೆ ಬರುತ್ತಿದ್ದವು. ಇದಕ್ಕೆ ವರ್ಷಕ್ಕೆ 59 ಡಾಲರ್ ಚಂದಾ. ಉತ್ತರ ಅಮೆರಿಕದ ನಗರಗಳಾಚೆ ಅಲೆಗಳು ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನೇ ಅದೆಲ್ಲವನ್ನೂ ಕೊಡತೊಡಗಿತು. 2011ರ ಕೊನೆಗೆ ಪ್ರಸಾರ ನಿಂತಿತು.

ಮೂರು ಗಂಟುಗಳು

ಇಷ್ಟು ಗಡಿಯಾರಗಳ ಕಥೆಯಲ್ಲಿ ಮತ್ತೆ ಮತ್ತೆ ಎದುರಾಗುವುದು ಮೂರೇ ಗಂಟುಗಳು.

ಮೊದಲನೆಯದು ಶಕ್ತಿ. ಕಂಪ್ಯೂಟರಿನ ಚಿಪ್ಪು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಚುರುಕಾಯಿತು. ಬ್ಯಾಟರಿ ಆ ವೇಗದಲ್ಲಿ ಸುಧಾರಿಸಲಿಲ್ಲ. 2015ರ ಏಪ್ರಿಲ್‌ನಲ್ಲಿ ಮಾರಾಟಕ್ಕೆ ಬಂದ ಮೊದಲ ಆಪಲ್ ವಾಚ್ ಒಮ್ಮೆ ಚಾರ್ಜ್ ಮಾಡಿದರೆ 18 ಗಂಟೆ ನಡೆಯುತ್ತದೆ ಎಂದು ಕಂಪನಿಯೇ ಹೇಳಿತ್ತು. ಬೆಳಿಗ್ಗೆ ಕೊಟ್ಟ ಕೀಲಿ ಮರುದಿನ ಬೆಳಿಗ್ಗೆವರೆಗೂ ನಡೆಯುತ್ತಿದ್ದ ‘ಜನತಾ’ಕ್ಕಿಂತ ಕಡಿಮೆ! ಕೀಲಿಗೆ ಬೆರಳು ಸಾಕು. ಚಾರ್ಜಿಗೆ ಕರೆಂಟು ಬೇಕು. ರಾತ್ರಿ ಕರೆಂಟಿಗೆ ಕಾದು ಗದ್ದೆಗೆ ನೀರು ಹಾಯಿಸುವವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಜಾಗ. ಮನುಷ್ಯನ ಮಣಿಕಟ್ಟು ದೊಡ್ಡದಾಗುವುದಿಲ್ಲ, ಬೆರಳು ಸಣ್ಣದಾಗುವುದಿಲ್ಲ. 28 ಗುಂಡಿಯ ಕಾಲಕ್ಕೂ ಮುಟ್ಟುವ ಪರದೆಯ ಕಾಲಕ್ಕೂ ಈ ಮಿತಿ ಒಂದೇ. ಬೆವರಿದ, ಒದ್ದೆಯಾದ ಕೈಗೆ ಮುಟ್ಟುವ ಪರದೆ ಸರಿಯಾಗಿ ಓಗೊಡುವುದೂ ಇಲ್ಲ. 2012ರಲ್ಲಿ ಜನರಿಂದಲೇ 1 ಕೋಟಿ ಡಾಲರ್‌ಗೂ ಹೆಚ್ಚು ಹಣ ಕೂಡಿಸಿ, 2013ರಲ್ಲಿ ಕೈಸೇರಿದ ‘ಪೆಬಲ್’ ಗಡಿಯಾರ ಕಾಗದದಂಥ ಕಪ್ಪು-ಬಿಳಿ ಪರದೆ ಬಳಸಿ ಬ್ಯಾಟರಿಯನ್ನು ವಾರದವರೆಗೆ ಎಳೆಯಿತು. ಅದೊಂದು ದೊಡ್ಡ ಜಾಣತನ. ಆದರೆ ಕನ್ನಡದಲ್ಲಿ ಬಂದ ಸಂದೇಶಕ್ಕೆ ಅದು ತೋರಿಸುತ್ತಿದ್ದುದು ಖಾಲಿ ಚೌಕಗಳನ್ನು.

ಮೂರನೆಯದು, ಎಲ್ಲಕ್ಕಿಂತ ಬಿಗಿಯಾದ ಗಂಟು, ಪರಾವಲಂಬನೆ. ಡೇಟಾಲಿಂಕ್‌ಗೆ ಮಾನಿಟರು, ಸ್ಪಾಟ್‌ಗೆ ರೇಡಿಯೊ ಕೇಂದ್ರ, ಪೆಬಲ್‌ಗೆ ಹತ್ತಿರದಲ್ಲೇ ಒಂದು ಫೋನು. ಆ ಫೋನಿಗೆ ಟವರು. ನಿಪ್ಪಾಣಿ, ಕಾಗವಾಡದಂಥ ಗಡಿಯೂರುಗಳಲ್ಲಿ ಕರ್ನಾಟಕದ ಫೋನು ಮಹಾರಾಷ್ಟ್ರದ ಟವರು ಹಿಡಿದು ‘ರೋಮಿಂಗ್’ ಎಂದು ತೋರಿಸುತ್ತಿದ್ದ ದಿನಗಳು ಹಳೆಯವೇನಲ್ಲ. ಇಷ್ಟು ಕೊಂಡಿಗಳಲ್ಲಿ ಒಂದು ಕಳಚಿದರೂ ಜಾಣ ಗಡಿಯಾರ ಬರಿಯ ಗಡಿಯಾರ. ಪೆಬಲ್ ಕಂಪನಿ 2016ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು, 2018ರಲ್ಲಿ ಅದರ ಸರ್ವರುಗಳೂ ನಿಂತವು. ಅಭಿಮಾನಿಗಳು ತಾವೇ ಬೇರೆ ಸರ್ವರು ಕಟ್ಟಿ ಆ ಗಡಿಯಾರಗಳನ್ನು ಬದುಕಿಸಿಕೊಳ್ಳಬೇಕಾಯಿತು.

ಒಂದೇ ತಿಂಗಳ ಎರಡು ಸುದ್ದಿ

2016ರ ಜನವರಿಯಲ್ಲಿ ಎರಡು ಸುದ್ದಿಗಳು ಬಂದವು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅದೇ ತಿಂಗಳು ಟೈಟನ್, ಎಚ್‌ಪಿ ಜೊತೆಗೂಡಿ ‘ಜಕ್ಸ್ಟ್’ ಎಂಬ ತನ್ನ ಸ್ಮಾರ್ಟ್‌ವಾಚ್ ಬಿಡುಗಡೆ ಮಾಡಿತು. ಬೆಲೆ 15,995 ರೂಪಾಯಿಯಿಂದ ಆರಂಭ. ಕಡ್ಡಿಯಿಂದ ಒತ್ತುವ ಗಡಿಯಾರ ಮಾಡಿದ ಎಚ್‌ಪಿ, 39 ವರ್ಷಗಳ ನಂತರ ಈ ಗಡಿಯಾರಕ್ಕೂ ಕೈಜೋಡಿಸಿತ್ತು. ಜಕ್ಸ್ಟ್‌ನಲ್ಲಿ ಎಂದಿನ ಮುಳ್ಳುಗಳಿದ್ದವು. ಡಯಲಿನ ಮೇಲೆ ಕಿರಿದಾದ ಒಂದು ಪರದೆ ಮಾತ್ರ ಕರೆ, ಸಂದೇಶ, ಹೆಜ್ಜೆಗಳ ಲೆಕ್ಕ ತೋರಿಸುತ್ತಿತ್ತು. ಗಡಿಯಾರವನ್ನು ಗಡಿಯಾರವಾಗಿಯೇ ಉಳಿಸಿ ಸ್ವಲ್ಪ ಜಾಣತನ ಸೇರಿಸುವ ಈ ದಾರಿ ವಿವೇಕದ್ದೇ; ಆದರೆ ಫೋನಿನ ಹಂಗು ಇದಕ್ಕೂ ತಪ್ಪಲಿಲ್ಲ.

ಕೊನೆಗೂ ಸ್ಮಾರ್ಟ್‌ವಾಚ್ ಜನರ ಕೈಯಲ್ಲಿ ನೆಲೆ ನಿಂತದ್ದು ಹೇಗೆ? ಬ್ಯಾಟರಿ ಸುಧಾರಿಸಿತು, ಬೆಲೆ ಇಳಿಯಿತು, ಮನೆಮನೆಗೆ ಫೋನು ಬಂತು, ಇವೆಲ್ಲ ನಿಜ. ಆದರೆ ಮುಖ್ಯ ಕಾರಣ ಬೇರೆ. ಕಂಪ್ಯೂಟರಿನ ಕೆಲಸವನ್ನೆಲ್ಲ ಮಣಿಕಟ್ಟಿಗೆ ತರುವ ಹಟ ಸಡಿಲಿ, ಮಣಿಕಟ್ಟಿನ ಮೇಲೆ ಮಾತ್ರ ಸಾಧ್ಯವಾಗುವ ಕೆಲಸವನ್ನು ಅದು ಹಿಡಿಯಿತು: ನಾಡಿ ನೋಡುವುದು, ಹೆಜ್ಜೆ ಎಣಿಸುವುದು, ನಿದ್ದೆ ಗಮನಿಸುವುದು. ವೈದ್ಯರು ಸಾವಿರಾರು ವರ್ಷಗಳಿಂದ ಕೈಹಿಡಿದು ನೋಡುತ್ತ ಬಂದ ಜಾಗ ಅದೇ ತಾನೆ! ಹಾಗೆಂದು ಅದನ್ನು ವೈದ್ಯನೆಂದು ತಿಳಿಯಬಾರದು. ಕೈ ಆಡಿಸಿದರೆ, ಪಟ್ಟಿ ಸಡಿಲಾದರೆ ಅದರ ಎಣಿಕೆಯೂ ತಪ್ಪುತ್ತದೆ.

ತುಮಕೂರಿನ ಗಡಿಯಾರ ಕಾರ್ಖಾನೆಯ ಜಾಗ ಈಗ ಇಸ್ರೋದ ಪಾಲಾಗಿದೆ. ಎಚ್‌ಎಂಟಿ ಹೆಸರಿನ ಗಡಿಯಾರಗಳು ಮಾತ್ರ ಸಣ್ಣ ಪ್ರಮಾಣದಲ್ಲಿ ಇಂದಿಗೂ ಮಾರಾಟವಾಗುತ್ತಿವೆ. ಬದಲಾಗದ ಕಾರಣಕ್ಕೆ ಎಚ್‌ಎಂಟಿ ಸೋತಿತು ಎನ್ನುವುದು ಸುಳ್ಳಲ್ಲ. ಆದರೆ ಕಪಾಟಿನಲ್ಲಿಟ್ಟ ಅಜ್ಜನ ‘ಜನತಾ’ವನ್ನು ತೆಗೆದು ಎರಡು ಸುತ್ತು ಕೀಲಿ ಕೊಟ್ಟರೆ ಅದು ಟಿಕ್ ಎಂದು ಏಳುವ ಸಂಭವ ಇಂದಿಗೂ ಇದೆ, ಏಳದಿದ್ದರೆ ಎಬ್ಬಿಸಬಲ್ಲ ಕೈಗಳು ಪೇಟೆಯಲ್ಲಿ ಇನ್ನೂ ಒಂದೆರಡು ಉಳಿದಿವೆ. ಇಂದಿನ ಜಾಣ ಗಡಿಯಾರವನ್ನು ಮೊಮ್ಮಗನಿಗೆಂದು ಎತ್ತಿಟ್ಟರೆ, ಅದನ್ನು ಎಬ್ಬಿಸಲು ಆ ದಿನಕ್ಕೆ ಯಾವ ಕಂಪನಿ, ಯಾವ ಫೋನು, ಯಾವ ಸರ್ವರು ಇರಬೇಕೋ ಯಾರು ಬಲ್ಲರು? ಕೊಳ್ಳುವ ಮುನ್ನ ಅದು ಏನೇನು ಮಾಡುತ್ತದೆ ಎಂದು ಕೇಳುವವರು, ಯಾರನ್ನು ನೆಚ್ಚಿ ಮಾಡುತ್ತದೆ ಎಂದೂ ಒಮ್ಮೆ ಕೇಳಿಕೊಳ್ಳುವುದು ಲೇಸು.