ಹಳೆಯ ಕಾರಿಗೆ ಹೊಸ ಬಣ್ಣ: ಮನೆಯಲ್ಲೇ ಹೊಡೆದರೆ ನಿಜಕ್ಕೂ ಅಗ್ಗವೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲವು ಮನೆಗಳ ಶೆಡ್ಡಿನಲ್ಲಿ ಅಜ್ಜನ ಕಾಲದ ಅಂಬಾಸಿಡರೋ ಫಿಯೆಟ್ಟೋ ಜೀಪೋ ಇನ್ನೂ ನಿಂತಿರುತ್ತದೆ. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಮೇಲಂತೂ ಇದ್ದವರಿಗೆ ಅದರ ಮೇಲೆ ಮಮತೆ ಜಾಸ್ತಿ. ಬಣ್ಣ ಹೊಡೆಸಲು ಗ್ಯಾರೇಜಿನವರು ಹೇಳಿದ ರೇಟು ಕೇಳಿ ಗಾಬರಿಯಾದವರಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಡಬ್ಬಿ ತಂದು ಮನೆಯಲ್ಲೇ ಹೊಡಿ ಮಾರಾಯ, ಅರ್ಧ ದುಡ್ಡಲ್ಲಿ ಮುಗಿಯುತ್ತೆ.” ಈ ಮಾತಿನಲ್ಲಿ ಎಷ್ಟು ಹುರುಳಿದೆ ನೋಡೋಣ.

ಡಬ್ಬಿಯ ಲೆಕ್ಕ

ಬಾಗಿಲಿನ ಒಳ ಅಂಚುಗಳೂ ಸೇರಿ ಬಣ್ಣ ಬೀಳಬೇಕಾದ ಜಾಗ 15 ಚದರ ಮೀಟರ್ ಎಂದಿಟ್ಟುಕೊಳ್ಳಿ. ಒಣಗಿದ ಪದರ 50 ಮೈಕ್ರಾನ್ ದಪ್ಪ ಇರಬೇಕಾದರೆ ಅಲ್ಲಿ ಉಳಿಯುವ ಗಟ್ಟಿ ಪದಾರ್ಥ ಮುಕ್ಕಾಲು ಲೀಟರ್ ಮಾತ್ರ. ಕಲಸಿದ ಬಣ್ಣದಲ್ಲಿ ಅರ್ಧ ಆವಿಯಾಗಿ ಹೋಗುತ್ತದೆ ಎಂದರೆ ಒಂದೂವರೆ ಲೀಟರ್ ಬೇಕು. ಸಾಧಾರಣ ಸ್ಪ್ರೇ ಗನ್ನಿನಿಂದ ಹೊರಟಿದ್ದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗವಷ್ಟೇ ತಗಡಿಗೆ ಅಂಟುತ್ತದೆ, ಉಳಿದದ್ದು ಗಾಳಿಪಾಲು. ಅಲ್ಲಿಗೆ ನಾಲ್ಕೂವರೆ ಲೀಟರ್. ಅಂದರೆ ಬಿಲ್ಲು ಏರಿಸುವುದು ಡಬ್ಬಿಯಲ್ಲ. ಪೂರ್ತಿ ಬಣ್ಣಕ್ಕೆ ಹತ್ತಾರು ಸಾವಿರ ಆಗುವುದು, ಗಾಜು-ಬೀಡಿಂಗ್ ಬಿಚ್ಚಿ ತಗಡಿನವರೆಗೆ ಕೆರೆದರೆ ಲಕ್ಷ ದಾಟುವುದು ಟಿಂಕರಿಂಗ್ ಮತ್ತು ಉಜ್ಜುವ ಕೂಲಿಯಿಂದ. ಮನೆಯಲ್ಲೇ ಹೊಡೆಯುವವರು ಇದರ ಮೇಲೆ ಕಂಪ್ರೆಸರ್, ಗನ್ನು ಕೂಡ ಕೊಳ್ಳಬೇಕು, ಅದೂ ಒಂದೇ ಕಾರಿಗಾಗಿ.

ತುಕ್ಕು ಕೇಳುವ ದುಡ್ಡು

ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರದ ಹುಲಿಕಲ್ಲೂ ಕಡಿಮೆಯದಲ್ಲ. ಇಲ್ಲಿ ತುಕ್ಕು ಹೊರಗಿನಿಂದ ಕಾಣುವ ಮೊದಲೇ ಫುಟ್‌ಬೋರ್ಡಿನ ಒಳಗೆ, ಚಕ್ರದ ಕಮಾನಿನಲ್ಲಿ, ಮ್ಯಾಟಿನ ಅಡಿಯಲ್ಲಿ ಕೆಲಸ ಮುಗಿಸಿರುತ್ತದೆ.

ಅಡಿಕೆ ತೋಟಕ್ಕೆ ಔಷಧಿ ಸಾಗಿಸಿದ ಜೀಪಿನದ್ದು ಇನ್ನೊಂದು ಕಥೆ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ನೋಡಲು ಕತ್ತಿಯ ಅಲಗು ಅದ್ದಿ ತೆಗೆಯುತ್ತೇವಲ್ಲ, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಕಡಿಮೆ ಎಂದರ್ಥ. ಮೈಲುತುತ್ತದ ನೀರು ಚೆಲ್ಲಿದ ಜೀಪಿನ ನೆಲದಲ್ಲಿ ನಡೆಯುವುದೂ ಅದೇ. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಆಮೇಲೆ ತೇವ ಇದ್ದಷ್ಟು ದಿನ ಆ ತಾಮ್ರ ಪಕ್ಕದ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುವಂತೆ ಮಾಡುತ್ತದೆ.

“ಪಟ್ಟಿ ಮೆತ್ತಿದರೆ ತುಕ್ಕು ನಿಲ್ಲುತ್ತೆ” ಎನ್ನುವುದು ಶುದ್ಧ ಸುಳ್ಳು. ಪಟ್ಟಿ ನೀರು ಹೀರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕೆಲವೇ ಮಳೆಗಾಲದಲ್ಲಿ ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ತೂತಾದ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸುವುದೇ ದಾರಿ. ಪ್ರೈಮರ್ ಹೊಡೆಯುವ ಮೊದಲು ನೀವೇ ಹೋಗಿ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಆಡಿಸಿ ನೋಡಿ. ಅದು ಹಿಡಿಯದ ಕಡೆ ಪಟ್ಟಿ ದಪ್ಪಗಿದೆ.

ಹವೆಯ ತಕರಾರು

ಹಳೆಯ ಕಾರುಗಳಿಗೆ ಹೊಡೆಯುತ್ತಿದ್ದ, ಗ್ಯಾರೇಜಿನವರು ಡ್ಯೂಕೋ ಎನ್ನುವ ಎನ್‌ಸಿ ಬಣ್ಣದ ಥಿನ್ನರ್ ಬಹಳ ಬೇಗ ಆವಿಯಾಗುತ್ತದೆ. ಆಗ ಬಣ್ಣದ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಕಪ್ಪು ಕಾರು ಬೂದಿ ಬಳಿದಂತೆ ಬೆಳ್ಳಗಾಗುವುದು ಇದರಿಂದಲೇ, ಬಣ್ಣ ಕಲಬೆರಕೆಯಾಗಿ ಅಲ್ಲ. ಹಾರ್ಡ್‌ನರ್ ಸೇರಿಸುವ ಪಿಯು ಬಣ್ಣವಾದರೆ ತೇವದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟಿ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ. ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ನಮ್ಮ ಕಡೆ ಅಂಥ ಹವೆ ನೆಚ್ಚಿಕೊಳ್ಳಬಹುದಾದ್ದು ಬೇಸಿಗೆಯ ತಿಂಗಳುಗಳಲ್ಲಿ, ಅದೂ ಬಿಸಿಲೇರಿದ ಮೇಲೆ. ಜುಲೈನಲ್ಲಿ ತಗಡಿನ ಶೆಡ್ಡಿನೊಳಗೆ ಹೊಡೆಯುವುದಕ್ಕಿಂತ ಸುಮ್ಮನಿರುವುದು ಮೇಲು.

ಎದೆಗೆ ಬೀಳುವ ಬೆಲೆ

ಯಾವ ಬಿಲ್ಲಿನಲ್ಲೂ ಬರೆಯದ ಖರ್ಚು ಇದು. ಪಿಯು ಹಾರ್ಡ್‌ನರಿನಲ್ಲಿರುವ ಐಸೋಸಯನೇಟ್‌ಗಳು ಸ್ಪ್ರೇ ಪೇಂಟರುಗಳಿಗೆ ಆಸ್ತಮಾ ತರುತ್ತವೆ ಎಂಬುದು ವೈದ್ಯಕೀಯವಾಗಿ ಖಚಿತ. ಒಮ್ಮೆ ದೇಹಕ್ಕೆ ಅಲರ್ಜಿಯಾದರೆ ಮುಂದೆ ಚೂರು ತಾಗಿದರೂ ಉಬ್ಬಸ ಬರಬಹುದು. ಮೂಗಿಗೆ ಕಟ್ಟಿದ ಟವೆಲ್ಲು, ಕೋವಿಡ್ ಕಾಲದ ಮಾಸ್ಕು ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಸುಕು ಬೇಕು. ಅದು ಇಲ್ಲದ ಕಡೆ ಪಿಯು ಬೇಡ ಎಂದೇ ನಾವು ಹೇಳುತ್ತೇವೆ.

ಹಳೆಯ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು ಛಾಯೆಗಳಲ್ಲಿ, ಸೀಸ ಇರುವ ಸಾಧ್ಯತೆಯಿದೆ. ಅದನ್ನು ಒಣದಾಗಿ ಉಜ್ಜಬೇಡಿ. ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿ, ಅಡಿಕೆ ಒಣಗಿಸುವ ಅಂಗಳದಿಂದ, ಮಕ್ಕಳಿಂದ ದೂರ. ಪಟ್ಟಿಯ ಜಾಗ ಮಾತ್ರ ಒಣದಾಗಿಯೇ ಇರಲಿ. ಥಿನ್ನರಿನ ಆವಿ ನೆಲದ ಗುಂಟ ಹರಿದು ಬಚ್ಚಲ ಒಲೆಯವರೆಗೂ ಹೋಗಬಲ್ಲದು ಎಂಬುದೂ ನೆನಪಿರಲಿ.

ಹಾಗಾದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲವೇ? ಇದೆ, ಅಲ್ಲೇ ದುಡ್ಡೂ ಉಳಿಯುವುದು. ಬಂಪರ್, ದೀಪ, ಬೀಡಿಂಗ್ ಬಿಚ್ಚುವುದು, ಮ್ಯಾಟು ಎತ್ತಿ ತುಕ್ಕು ಹುಡುಕುವುದು, ಹಳೆಯ ಬಣ್ಣ ಉಜ್ಜುವುದು ತಾಳ್ಮೆಯ ಕೆಲಸ, ವಿದ್ಯೆಯ ಕೆಲಸವಲ್ಲ. ತಗಡು ಮತ್ತು ಬಣ್ಣವನ್ನು ಗ್ಯಾರೇಜಿಗೆ ಬಿಡಿ, ಎರಡಕ್ಕೂ ಬೇರೆ ಬೇರೆ ರೇಟು ಕೇಳಿ. ತೋಟಕ್ಕೆ ಓಡಾಡುವ ಜೀಪಾದರೆ ಹಾರ್ಡ್‌ನರ್ ಬೇಡದ ಸಿಂಥೆಟಿಕ್ ಎನಾಮೆಲ್ ಅನ್ನು ಬ್ರಷ್ಷಿನಲ್ಲೇ ಬಳಿಯಬಹುದು. ಹೊಳಪು ಬೇಗ ಮಾಸುತ್ತದೆ, ಆದರೆ ಮುಂದಿನ ಬೇಸಿಗೆಗೆ ಮತ್ತೊಂದು ಕೈ ಹೊಡೆಯುವುದೂ ಸುಲಭ.

ಬಣ್ಣವನ್ನೇ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು, ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಮಿಲಿಟರಿ ಜೀಪಿನಂತೆ ಕಾಣಲಿ ಎಂದು ಆಲಿವ್ ಹಸಿರು ಆರಿಸುವವರಿದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಾದ ಬಣ್ಣ, ಹೊಡೆಸಿದರೆ ಎರಡನೇ ಸಲದ ಖರ್ಚಿಗೂ ತಯಾರಾಗಿರಬೇಕಾಗುತ್ತದೆ.