ಕೋಣೆ ಮತ್ತು ಕಂಠ: ಸಂಚಾರಿ ಧ್ವನಿಮುದ್ರಣದ ಒಂದು ಚರಿತ್ರೆ

ಧ್ವನಿಮುದ್ರಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಾದದ ನಿಖರತೆ ಹೇಗೆ ಹೆಚ್ಚುತ್ತ ಬಂತೆಂಬುದನ್ನೇ ಮುಖ್ಯವಾಗಿ ಹಿಡಿಯುತ್ತಾರೆ. ಮೇಣದಿಂದ ಟೇಪಿಗೆ, ಟೇಪಿನಿಂದ ಅಂಕೀಯ ಕಡತಕ್ಕೆ ಎಂಬ ಈ ಏರುಗತಿಯ ಕಥನದಲ್ಲಿ ಒಂದು ಪ್ರಶ್ನೆ ಮರೆಯಾಗುತ್ತದೆ. ಹಾಡುವವರು ಯಂತ್ರವಿದ್ದಲ್ಲಿಗೆ ಹೋದರೆ, ಅಥವಾ ಯಂತ್ರವೇ ಹಾಡುವವರಿದ್ದಲ್ಲಿಗೆ ಬಂತೆ? ಯಾರ ದನಿ ಉಳಿಯಿತು, ಯಾರದು ಉಳಿಯಲಿಲ್ಲ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಇದೇ ಎಂದು ನಾವು ಭಾವಿಸುತ್ತೇವೆ. ಪುಸ್ತಕದಷ್ಟು ಗಾತ್ರದ ಆಡಿಯೋ ಇಂಟರ್‌ಫೇಸನ್ನು ಕೈಚೀಲದಲ್ಲಿಟ್ಟುಕೊಂಡು ಕ್ಷೇತ್ರಕಾರ್ಯಕ್ಕೆ ಹೊರಡುವ ಇಂದಿನ ಸಂಶೋಧಕರಿಗೂ ಈ ಪ್ರಶ್ನೆ ಹಳೆಯದಾಗಿಲ್ಲ.

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಮೊದಲ ಧ್ವನಿಮುದ್ರಣವೇ ಸಂಚಾರಿ ಧ್ವನಿಮುದ್ರಣವಾಗಿತ್ತೆಂಬುದು ಗಮನಾರ್ಹ. ೧೯೦೨ರಲ್ಲಿ ಲಂಡನ್ನಿನಿಂದ ಹಡಗಿನಲ್ಲಿ ಬಂದ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರ ಕೋಣೆಯನ್ನೇ ಸ್ಟುಡಿಯೋ ಆಗಿ ಮಾರ್ಪಡಿಸಿಕೊಂಡನು. ಆಗ ವಿದ್ಯುತ್ತಿನ ಅಗತ್ಯವೇ ಇರಲಿಲ್ಲ. ಗಾಯಕಿಯ ಕಂಠದ ಬಲವೇ ತಗಡಿನ ಕಹಳೆಯ ಮೂಲಕ ಸಾಗಿ, ಅದರ ತುದಿಯಲ್ಲಿದ್ದ ಸೂಜಿಯನ್ನು ಅಲುಗಿಸಿ, ಮೇಣದ ತಟ್ಟೆಯ ಮೇಲೆ ಗೀರು ಕೊರೆಯುತ್ತಿತ್ತು. ಆ ವರ್ಷದ ನವೆಂಬರಿನಲ್ಲಿ ಕಹಳೆಯ ಮುಂದೆ ನಿಂತವರಲ್ಲಿ ಗೌಹರ್ ಜಾನ್ ಒಬ್ಬರು. ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಮರುವರ್ಷ ಹಿಂದಿರುಗಿದವು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಹೇಳುವುದು ಆ ದೂರದ ಕಾರ್ಖಾನೆಯವರಿಗೆ ಗುರುತು ಸಿಗಲೆಂದು ಎನ್ನುತ್ತಾರೆ. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರೆಂಬುದನ್ನು ಕನ್ನಡದ ಓದುಗರು ಮರೆಯಬಾರದು. ಯಂತ್ರವೇನೋ ಸಾಗರ ದಾಟಿ ಬಂದಿತ್ತು. ಆದರೆ ಅದು ಮಹಾನಗರದ ಹೋಟೆಲಿನಲ್ಲಿ ನಿಂತಿತು. ಯಾರು ಹಾಡಬೇಕೆಂಬುದನ್ನು ನಿಶ್ಚಯಿಸಿದ್ದು ಮಾರಾಟದ ಲೆಕ್ಕಾಚಾರ.

೧೯೨೫ರಿಂದ ಮೈಕ್ರೊಫೋನು ಮತ್ತು ವಿದ್ಯುತ್ ವರ್ಧಕಗಳು ಬಂದ ಮೇಲೆ ನಾದ ಸುಧಾರಿಸಿತು, ಸಲಕರಣೆಯ ಭಾರವೂ ಹೆಚ್ಚಿತು. ಕಂಪನಿಗಳ ಪ್ರವಾಸ ನಿಲ್ಲಲಿಲ್ಲವಾದರೂ ಕಲಾವಿದರೇ ನಗರಕ್ಕೆ ಬರುವುದು ವಾಡಿಕೆಯಾಯಿತು. ಗಂಗೂಬಾಯಿ ಹಾನಗಲ್ಲರು ೧೯೩೦ರ ದಶಕದಲ್ಲಿ ಹುಬ್ಬಳ್ಳಿಯಿಂದ ಮುಂಬಯಿಗೆ ಹೋಗಿ ಹಾಡಿದರು. ಆ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಕಂಠದ ಚಿಕಿತ್ಸೆಯ ಬಳಿಕ ಅವರ ದನಿ ಗಡುಸಾದದ್ದು ಸಂಗೀತ ರಸಿಕರೆಲ್ಲ ಬಲ್ಲ ಸಂಗತಿ. ಅದಕ್ಕೂ ಹಿಂದಿನ ತೆಳುದನಿಯನ್ನು ನಾವಿಂದು ಕೇಳಬಲ್ಲೆವಾದರೆ ಅದಕ್ಕೆ ಆ ರೈಲು ಪ್ರಯಾಣವೇ ಕಾರಣ. ಆ ಪ್ರಯಾಣ ಮಾಡಲಾಗದೆ ಹೋದ, ಅದೇ ಸೀಮೆಯ ಬೀಸುವ ಕಲ್ಲಿನ ಮುಂದೆ ಕುಳಿತಿದ್ದ ಹೆಂಗಸರ ದನಿ ಯಾವ ತಟ್ಟೆಯನ್ನೂ ಸೇರಲಿಲ್ಲ. ಸೇರಿದ್ದರೂ ಮೂರು ನಿಮಿಷದ ಆಚೆಗೆ ಅಲ್ಲಿ ಸ್ಥಳವಿರಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದವರೂ ಇದ್ದರು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ೧೯೩೮ರಲ್ಲಿ ಫಿಲ್ಮ್ ಪಟ್ಟಿಯ ಮೇಲೆ ಗೀರು ಕೊರೆಯುವ ಟೆಫಿ ಎಂಬ ಯಂತ್ರವನ್ನು ಹೊತ್ತು ದಕ್ಷಿಣ ಭಾರತದಲ್ಲಿ ಸಂಚರಿಸಿದರು. ೧೯೮೪ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಿಕೆಗಳ ಪ್ರತಿಗಳೊಂದಿಗೆ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಅದೇ ಜಾಡು ಹಿಡಿದರು. ನಮ್ಮ ದೃಷ್ಟಿಯಲ್ಲಿ ಇದು ಸಂಚಾರಿ ಧ್ವನಿಮುದ್ರಣದ ಅತ್ಯಂತ ಗೌರವಯುತ ಪ್ರಸಂಗ. ಒಯ್ದ ದನಿಯನ್ನು ಊರಿಗೆ ಹಿಂದಕ್ಕೆ ತಂದವರು ವಿರಳ. ಈ ನಡುವೆ ೧೯೫೧ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ನೆಲೆಸಿದ್ದ ಪೋಲಿಷ್ ಮೂಲದ ಸ್ಟೀಫನ್ ಕುಡೆಲ್‌ಸ್ಕಿ ‘ನಾಗ್ರಾ’ ಎಂಬ ಒಯ್ಯಬಲ್ಲ ಟೇಪು ಯಂತ್ರವನ್ನು ರೂಪಿಸಿದ್ದರು. ೧೯೬೩ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್ಟು ಬಂತು. ಕ್ಯಾಸೆಟ್ಟಿನ ನಾದ ಸಾಧಾರಣವಾದರೂ ಜಾನಪದ ಅಧ್ಯಯನಕ್ಕೆ ಅದು ಮಾಡಿದ ಉಪಕಾರ ಸಾಧಾರಣವಲ್ಲ.

ದೀರ್ಘ ಪಠ್ಯಗಳ ವಿಷಯದಲ್ಲಿ ಇದರ ಫಲ ಎದ್ದು ಕಾಣುತ್ತದೆ. ಮಾಚಾರು ಗೋಪಾಲ ನಾಯ್ಕರು ಹೇಳಿದ ತುಳುವಿನ ಸಿರಿ ಮಹಾಕಾವ್ಯವನ್ನು ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು ೧೯೯೦ರಲ್ಲಿ ಮುದ್ರಿಸಿಕೊಂಡರು. ೧೯೯೮ರಲ್ಲಿ ಪ್ರಕಟವಾದಾಗ ಅದು ೧೫,೬೮೩ ಸಾಲುಗಳಷ್ಟಿತ್ತು. ಆಚರಣೆಯಲ್ಲೋ ಗದ್ದೆಯ ಕೆಲಸದಲ್ಲೋ ಬಿಡಿಬಿಡಿಯಾಗಿ ಕೇಳಿಬರುವ ಈ ಕಥನ ಇಷ್ಟು ಸಮಗ್ರವಾಗಿ ಹರಿದುಬಂದದ್ದು ದಾಖಲಿಸುವವರ ಎದುರಿನಲ್ಲಿ. ಅಂದರೆ ಕಾಯಬಲ್ಲ ಯಂತ್ರವೂ ಕಾಯಬಲ್ಲ ಕೇಳುಗರೂ ಒಟ್ಟಿಗೆ ಸೇರಿ ಪಠ್ಯಕ್ಕೆ ಒಂದು ಹೊಸ ಸಂದರ್ಭವನ್ನೇ ಒದಗಿಸಿದರು. ಇದನ್ನು ಕೃತಕವೆಂದು ತಳ್ಳಿಹಾಕುವವರ ವಾದವನ್ನು ನಾವು ಒಪ್ಪುವುದಿಲ್ಲ. ಸಂದರ್ಭವನ್ನು ಮರೆಮಾಚದೆ ಹೇಳಿದರೆ ಸಾಕು.

ಇನ್ನು ಇಂಟರ್‌ಫೇಸಿನ ವಿಚಾರ. ಮೈಕ್ರೊಫೋನಿನ ದುರ್ಬಲ ವಿದ್ಯುತ್ತನ್ನು ವರ್ಧಿಸಿ, ಸೆಕೆಂಡಿಗೆ ೪೮,೦೦೦ ಬಾರಿ ಅಳೆದು, ಅಂಕಿಗಳಾಗಿ ಕಂಪ್ಯೂಟರಿಗೆ ಕಳಿಸುವುದು ಅದರ ಕೆಲಸ. ಸೂಕ್ಷ್ಮ ಮೈಕ್ರೊಫೋನುಗಳಿಗೆ ಬೇಕಾದ ೪೮ ವೋಲ್ಟನ್ನೂ ಅದೇ ಒದಗಿಸುತ್ತದೆ. ಚಿಕ್ಕ ಪೆಟ್ಟಿಗೆಗಳಿಗೆ ಬೇಕಾದ ಶಕ್ತಿ ಕಂಪ್ಯೂಟರಿನಿಂದಲೇ ಬರುತ್ತದೆ. ಸ್ಟುಡಿಯೋದಲ್ಲಿಯೂ ಹೊಲದಲ್ಲಿಯೂ ಒಂದೇ ಪೆಟ್ಟಿಗೆ ನಡೆಯುವುದರಿಂದ, ಸ್ಟುಡಿಯೋ ಎಂದರೆ ಈಗ ನಿಶ್ಶಬ್ದವಾದ ಕೋಣೆ ಎಂದಷ್ಟೇ ಅರ್ಥ. ಮುಂಬಯಿಯ ಒಂದು ಚಾಳಿನಲ್ಲಿ ನಾವು ಗೋಡೆಗೆ ಕೌದಿಗಳನ್ನು ತೂಗುಹಾಕಿ, ಫ್ಯಾನು ನಿಲ್ಲಿಸಿ, ಗೈಸ್‌ಬರ್ಗನಂತೆಯೇ ಕೋಣೆಯನ್ನು ಸಿದ್ಧಪಡಿಸಿಕೊಂಡದ್ದುಂಟು. ಹಾಡಬೇಕಾದವರು ಎಂಬತ್ತು ದಾಟಿದ, ಮದುವೆಯಾಗಿ ಬಂದ ಮೇಲೆ ತವರಿನ ಊರನ್ನು ಹೆಚ್ಚು ಕಾಣದ ಹಿರಿಯರು.

ಅಲ್ಲಿ ನಮ್ಮಿಂದ ಒಂದು ತಪ್ಪು ನಡೆಯಿತು. ಮೊದಲೆರಡು ಹಾಡುಗಳನ್ನು ಅವರು ಸಂಕೋಚದಿಂದ ಮೆಲ್ಲಗೆ ಹಾಡಿದರೆಂದು ವರ್ಧನೆಯ ಗುಂಡಿಯನ್ನು ಏರಿಸಿದೆವು. ಮೂರನೆಯದು ಬೀಸುವ ಪದ. ಎರಡನೆಯ ನುಡಿಗೆ ಬರುವಷ್ಟರಲ್ಲಿ ಅವರು ನಮ್ಮನ್ನೂ ಯಂತ್ರವನ್ನೂ ಮರೆತು ದನಿ ಎತ್ತಿದರು. ಟೇಪಿನಲ್ಲಿ ಮಿತಿ ಮೀರಿದ ನಾದ ಕ್ರಮೇಣ ಒರಟಾಗುತ್ತದೆ. ಅಂಕೀಯ ಅಳತೆಯಲ್ಲಿ ಗರಿಷ್ಠ ಅಂಕಿಯ ಆಚೆ ಏನೂ ಇಲ್ಲವಾಗಿ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಹೋದದ್ದನ್ನು ಮರಳಿ ಪಡೆಯುವ ಬಗೆಯಿಲ್ಲ. ೨೪ ಬಿಟ್ಟಿನ ಮುದ್ರಣದಲ್ಲಿ ಮಟ್ಟವನ್ನು ೧೨ ಡೆಸಿಬೆಲ್ ಕೆಳಗಿಟ್ಟರೂ ನಷ್ಟವಿಲ್ಲವೆಂಬುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಇನ್ನೊಮ್ಮೆ ಹಾಡಿರೆಂದು ಕೇಳಿದೆವು. ಹಾಡಿದರು, ಆದರೆ ಅದು ಮೊದಲೆರಡರಂತೆ ಮೆಲುದನಿಯ ಹಾಡು, ನುಡಿಗಳೂ ಎರಡು ಕಡಿಮೆ. ನಮ್ಮ ಸಂಗ್ರಹದಲ್ಲಿ ಎರಡೂ ಇವೆ. ಒಡೆದ ಕಡತದ ಮುಂದೆ ವರ್ಧನೆ ಹೆಚ್ಚಾಯಿತೆಂದೂ, ಆ ಹೊತ್ತಿಗೆ ಪಕ್ಕದ ಮನೆಯ ಇಬ್ಬರು ಹೆಂಗಸರು ಬಾಗಿಲಲ್ಲಿ ಬಂದು ನಿಂತಿದ್ದರೆಂದೂ ಬರೆದಿಟ್ಟಿದ್ದೇವೆ.