ಕೋವಿ ಹೋಗಿ ಕ್ಯಾಮೆರಾ ಬಂತು: ಮಲೆನಾಡಿನ ನೊಣಹಿಡುಕಗಳ ಕಥೆ

ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ ಕಡೆ ಹತ್ತೋ ರಸ್ತೆ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತಿರುತ್ತೆ. ಫಾಲ್ಸ್ ನೋಡ್ತೀವಿ, ರೀಲ್ ಮಾಡ್ತೀವಿ, ಬರ್ತೀವಿ. ಇವತ್ತು ಆ ಕಾಡಿನ ನೆರಳಲ್ಲಿ ಕೂರೋ ನೊಣಹಿಡುಕ, ಅಂದ್ರೆ ಫ್ಲೈಕ್ಯಾಚರ್‌ಗಳ ಬಗ್ಗೆ ಮಾತಾಡೋಣ.

ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಒಂದು ಹಕ್ಕಿ ಇದೆ: ಬಿಳಿಹೊಟ್ಟೆಯ ನೀಲಿ ನೊಣಹಿಡುಕ. ಮದ್ರಾಸ್ ಸೇನೆಯ ವೈದ್ಯ ಥಾಮಸ್ ಜೆರ್ಡನ್ 1840ರಲ್ಲಿ ಇದಕ್ಕೆ 'ಪ್ಯಾಲಿಡಿಪೆಸ್' ಅಂತ ಹೆಸರಿಟ್ಟ. ಮಾಸಲು ಕಾಲಿನದು ಅಂತ ಅರ್ಥ. ಪೊದೆಯ ಕತ್ತಲಲ್ಲಿ ಕೂತ ಹಕ್ಕಿಯ ಕಾಲನ್ನ ಯಾರು ನೋಡ್ತಾರೆ ಹೇಳಿ? ಅದು ಹೊಡೆದು ಕೈಯಲ್ಲಿ ಹಿಡಿದು ನೋಡೋ ಕಾಲ. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡಿದಾಗಲೂ ಕೋವಿ ಜೊತೆಗೇ ಇತ್ತು. ಆದರೆ ಪ್ರತಿ ಹಕ್ಕಿಯ ಕಾಲಿಗೂ ಒಂದು ಚೀಟಿ: ಊರು, ತಾರೀಕು, ಗಂಡೋ ಹೆಣ್ಣೋ. ಆ ಚೀಟಿಗಳನ್ನ ಇವತ್ತಿಗೂ ಓದಬಹುದು.

ಆಮೇಲೆ ಕ್ಯಾಮೆರಾ ಬಂತು. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಫೋಟೋ ತೆಗೆಯೋವಾಗ ಒಂದು ಫಿಲ್ಮ್ ರೋಲಿಗೆ 36 ಫ್ರೇಮ್ ಅಷ್ಟೇ. ಈಗ ಒಂದು ಬೆಳಿಗ್ಗೆಗೆ ಸಾವಿರ ಕ್ಲಿಕ್. ಹಕ್ಕಿ ಸಾಯಲ್ಲ, ಒಳ್ಳೇದೇ. ಆದರೆ ಚೀಟಿ ಕಾಣೆಯಾಯ್ತು ನೋಡಿ! ವಾಟ್ಸಾಪಿಗೆ ಬರೋ ಫೋಟೋದಲ್ಲಿ ಊರೂ ಇರಲ್ಲ, ತಾರೀಕೂ ಇರಲ್ಲ.

ಹೆಚ್ಚು ಪೆಟ್ಟು ಬೀಳೋದು ಹೆಣ್ಣುಹಕ್ಕಿಗೆ. ಗಂಡಿನ ಕತ್ತು, ಎದೆ ಎಲ್ಲಾ ನೀಲಿ; ಗುರುತು ಸುಲಭ. ಹೆಣ್ಣಿನ ಮೈ ಕಂದು, ಕತ್ತು-ಎದೆ ಕಿತ್ತಳೆ. ಹಾಗಾಗಿ ಎಲ್ಲೆಡೆ ಸಿಗೋ ಟಿಕೆಲ್ಸ್ ನೀಲಿ ನೊಣಹಿಡುಕ ಅಂತ ಬರೆದು ಮುಗಿಸಿಬಿಡ್ತಾರೆ. ಟಿಕೆಲ್ಸ್‌ನ ಹೆಣ್ಣಿನ ಬಾಲದಲ್ಲಿ ನೀಲಿಯ ಛಾಯೆ ಇರುತ್ತೆ, ಇದರ ಬಾಲ ಇಟ್ಟಿಗೆಗೆಂಪು. ಎದುರಿನಿಂದ ಚೆಂದದ ಪೋರ್ಟ್ರೇಟ್ ಸಿಕ್ಕರೆ ಬಾಲ ಕಾಣೋದೇ ಇಲ್ಲ. ಬೆನ್ನು ತಿರುಗಿಸಿ ಕೂತ ಮಸುಕು ಫೋಟೋ ಇದೆಯಲ್ಲ, ನಾವು ಮೊದಲು ಡಿಲೀಟ್ ಮಾಡೋದು, ನನ್ನ ಪ್ರಕಾರ ಇಲ್ಲಿ ಬೆಲೆ ಅದಕ್ಕೇ ಜಾಸ್ತಿ.

ಗೂಡಿನ ಹತ್ತಿರ ಮಾತ್ರ ಬೇಡ, ದಯವಿಟ್ಟು. ಉಳಿದ ಕಡೆ ತೆಗೆದಿದ್ದನ್ನ ಇ-ಬರ್ಡ್‌ಗೆ ಹಾಕಿ. ಅಲ್ಲಿ ಊರು, ತಾರೀಕು ಬರೆಯದೆ ಪಟ್ಟಿ ಮುಂದಕ್ಕೇ ಹೋಗಲ್ಲ.